ಚಳಿಗಾಲಕ್ಕೆ ವಿಟಮಿನ್ ಡಿ: ಸಾಫ್ಟ್‌ಜೆಲ್, ಹನಿ, ಸ್ಪ್ರೇ, ಗಮ್ಮಿ, ದೀಪ – ಯಾವುದಕ್ಕೆ ದುಡ್ಡು ಕೊಡಬಹುದು?

ತೀರ್ಪನ್ನು ಮೊದಲೇ ಹೇಳಿಬಿಡೋಣ, ಪುರುಸೊತ್ತಿಲ್ಲದವರು ಇಲ್ಲಿಂದಲೇ ಔಷಧಿ ಅಂಗಡಿಗೆ ಹೊರಡಬಹುದು. ಆರೋಗ್ಯವಂತ ದೊಡ್ಡವರಿಗೆ ಚಳಿಗಾಲಕ್ಕೆ ಸಾಕಾಗುವುದು ಕಪಾಟಿನಲ್ಲಿ ಎಲ್ಲಕ್ಕಿಂತ ಸಪ್ಪೆಯಾಗಿ ಕಾಣುವ ಡಬ್ಬಿ: ಎಣ್ಣೆ ತುಂಬಿದ ಪುಟ್ಟ ಸಾಫ್ಟ್‌ಜೆಲ್, ಒಳಗೆ ಡಿ3 (ವಿಟಮಿನ್ ಡಿಯ ಒಂದು ಬಗೆ) ಒಂದೇ, ಒಂದರಲ್ಲಿ 400ರಿಂದ 1000 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ), ದಿನಕ್ಕೊಂದು, ಊಟದ ಜೊತೆ. ಹಸುಗೂಸಿಗಾದರೆ ಹನಿ. ಉಳಿದ ಸ್ಪ್ರೇ, ಮಿಠಾಯಿಯಂತೆ ಜಗಿಯುವ ಗಮ್ಮಿ, ವಿಟಮಿನ್ ಕೆ2 ಬೆರೆಸಿದ ಕ್ಯಾಪ್ಸೂಲ್, ವಾರದ ದೊಡ್ಡ ಡೋಸು, ದೀಪ ಇವುಗಳಲ್ಲಿ ಕೆಲವು ಪರವಾಗಿಲ್ಲ, ಕೆಲವು ಬರೀ ಬಣ್ಣ, ಒಂದೆರಡು ಕೈಗೆ ಸಿಗುವ ಜಾಗದಲ್ಲಿ ಇರಲೇಬಾರದು.

ಪುಕ್ಕಟೆ ಸಿಗುವ ಸರಕಿನಿಂದ ಶುರು ಮಾಡೋಣ, ಅಂದರೆ ಬಿಸಿಲಿನಿಂದ. ಬಿಸಿಲಲ್ಲಿ ಕೂತರೆ ಸಾಕು, ಡಿ ತಾನಾಗಿ ಬರುತ್ತದೆ ಎಂಬುದು ಅರ್ಧ ಸತ್ಯ. ಚರ್ಮದಲ್ಲಿರುವ ಒಂದು ಬಗೆಯ ಕೊಲೆಸ್ಟರಾಲ್ ಮೇಲೆ 290ರಿಂದ 315 ನ್ಯಾನೋಮೀಟರ್ ಅಲೆಯುದ್ದದ ಯುವಿಬಿ (ನೇರಳಾತೀತ ಬೆಳಕಿನ ಒಂದು ಭಾಗ) ಕಿರಣ ಬಿದ್ದರೆ ಮಾತ್ರ ಡಿ3 ಹುಟ್ಟುತ್ತದೆ. ಸೂರ್ಯ ಓರೆಯಾದಷ್ಟೂ ಕಿರಣ ವಾತಾವರಣದೊಳಗೆ ಹೆಚ್ಚು ದೂರ ಹಾಯಬೇಕು, ದಾರಿಯಲ್ಲಿ ಓಝೋನ್ ಯುವಿಬಿಯನ್ನೇ ಮೊದಲು ನುಂಗಿಬಿಡುತ್ತದೆ. ಬೆಳಕು ಇರುತ್ತದೆ, ಬೆಚ್ಚಗೂ ಇರುತ್ತದೆ, ಬೇಕಾದ ಕಿರಣ ಮಾತ್ರ ಇರುವುದಿಲ್ಲ. 42 ಡಿಗ್ರಿ ಉತ್ತರ ಅಕ್ಷಾಂಶದ ಬಾಸ್ಟನ್ನಿನಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ ಬಿಸಿಲಿಗೆ ಹಿಡಿದ ಚರ್ಮದಲ್ಲಿ ಡಿ ತಯಾರಾಗಲೇ ಇಲ್ಲ ಎಂದು 1988ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಅದಕ್ಕಿಂತ ಸುಮಾರು ಹನ್ನೊಂದು ಡಿಗ್ರಿ ಮೇಲಿರುವ ಕೆನಡಾದ ಎಡ್ಮಂಟನ್ನಿನಲ್ಲಿ ಈ ಬರಗಾಲ ಅಕ್ಟೋಬರಿನಲ್ಲೇ ಶುರುವಾಗಿ ಮಾರ್ಚಿಗೆ ಮುಗಿಯುತ್ತದೆ.

ಅಳೆಯಲು ಉಪಕರಣ ಬೇಡ, ನೆರಳು ನೋಡಿದರೆ ಸಾಕು. ನೆಟ್ಟಗೆ ನಿಂತಾಗ ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಉದ್ದವಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಕೆಳಗಿದ್ದಾನೆ, ಆ ಹೊತ್ತಿನ ಬಿಸಿಲಿನಿಂದ ಡಿ ಅಷ್ಟಕ್ಕಷ್ಟೆ. ನೆರಳು ಮೋಟಾಗಿದ್ದರೆ ಕೆಲಸ ನಡೆಯುತ್ತದೆ. ಸಮಭಾಜಕ ವೃತ್ತದಿಂದ 20 ಡಿಗ್ರಿಯೊಳಗೆ ಇರುವವರಿಗೆ ಚಳಿಗಾಲದ ನಡುಹಗಲಲ್ಲೂ ನೆರಳು ಮೋಟಾಗಿಯೇ ಇರುತ್ತದೆ. 40 ಡಿಗ್ರಿ ದಾಟಿದವರಿಗೆ ಆ ಭಾಗ್ಯ ತಿಂಗಳುಗಟ್ಟಲೆ ಇಲ್ಲ. ಎಳೆಬಿಸಿಲು ಕಾಯಿಸಿದರೆ ಮೂಳೆ ಗಟ್ಟಿ ಎನ್ನುವ ಮಾತು ಈ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಎಳೆಬಿಸಿಲು ಹಿತ, ನಿದ್ದೆಯ ಗಡಿಯಾರಕ್ಕೂ ಒಳ್ಳೆಯದು, ಆದರೆ ನೆರಳು ಮಾರುದ್ದ ಚಾಚಿರುವ ಆ ಹೊತ್ತಲ್ಲಿ ಯುವಿಬಿ ಇಲ್ಲವೆನ್ನುವಷ್ಟು ಕಮ್ಮಿ. ಕಿಟಕಿ ಗಾಜಿನ ಹಿಂದೆ ಕೂರುವುದಂತೂ ಪೂರ್ತಿ ನಷ್ಟ: ಸಾಮಾನ್ಯ ಗಾಜು ಯುವಿಬಿಯನ್ನು ತಡೆದು, ಚರ್ಮ ಸುಕ್ಕಾಗಿಸುವ ಯುವಿಎಯನ್ನು ಬಹುಪಾಲು ಒಳಗೆ ಬಿಡುತ್ತದೆ. ಇದರ ಮೇಲೆ ಸ್ವೆಟರು, ಕಾಲುಚೀಲ, ಮಫ್ಲರು. ಕಪ್ಪು ಮೈಬಣ್ಣದವರಿಗೆ ಅಷ್ಟೇ ಡಿ ಆಗಲು ಹೆಚ್ಚು ಹೊತ್ತು ಬೇಕು, ವಯಸ್ಸಾದವರ ಚರ್ಮದಲ್ಲಿ ಕಚ್ಚಾಮಾಲೇ ಕಮ್ಮಿ. ಹಾಗಾಗಿ ಡಬ್ಬಿಯ ಮಾತು.

ಎಷ್ಟು ಬೇಕು?

ಡಬ್ಬಿಗಳ ಮೇಲೆ ಎರಡು ಅಳತೆ ಓಡಾಡುತ್ತವೆ. 1 ಮೈಕ್ರೋಗ್ರಾಂ ಎಂದರೆ 40 ಐಯು. ಅಂದರೆ 10 ಮೈಕ್ರೋಗ್ರಾಂ 400 ಐಯು, 25 ಮೈಕ್ರೋಗ್ರಾಂ 1000 ಐಯು. ಇದೊಂದನ್ನು ಬಾಯಿಪಾಠ ಮಾಡಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಮೈಕ್ರೋಗ್ರಾಂ ಅನ್ನು ಮಿಲಿಗ್ರಾಂ ಎಂದು ಓದಿದರೆ ಲೆಕ್ಕ ಸಾವಿರ ಪಟ್ಟು ತಪ್ಪುತ್ತದೆ, 1 ಮಿಲಿಗ್ರಾಂ ಡಿ ಎಂದರೆ 40,000 ಐಯು.

ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2010ರ ಕೊನೆಯಲ್ಲಿ ಕೊಟ್ಟ ಲೆಕ್ಕ ಹೀಗಿದೆ: 1ರಿಂದ 70 ವರ್ಷದವರೆಗೆ ದಿನಕ್ಕೆ 600 ಐಯು, 70 ದಾಟಿದವರಿಗೆ 800, ವರ್ಷ ತುಂಬದ ಕೂಸಿಗೆ 400. ದೊಡ್ಡವರು ವೈದ್ಯರ ಮಾತಿಲ್ಲದೆ ದಿನವೂ ದಾಟಬಾರದ ಗಡಿ 4000 ಐಯು, ಆರು ತಿಂಗಳೊಳಗಿನ ಕೂಸಿಗೆ 1000. ಬ್ರಿಟನ್ 2016ರಿಂದ ಶರತ್ಕಾಲ ಮತ್ತು ಚಳಿಗಾಲದಲ್ಲಿ ದೊಡ್ಡವರೂ ನಾಲ್ಕು ವರ್ಷ ದಾಟಿದ ಮಕ್ಕಳೂ ದಿನಕ್ಕೆ 10 ಮೈಕ್ರೋಗ್ರಾಂ ತೆಗೆದುಕೊಳ್ಳುವುದನ್ನು ಯೋಚಿಸಲಿ ಎನ್ನುತ್ತದೆ. ದಿನಕ್ಕೆ 400ರಿಂದ 1000 ಎಂದು ಮೇಲೆ ಹೇಳಿದ್ದು ಈ ಎಲ್ಲ ಲೆಕ್ಕಗಳನ್ನು ಜೋಡಿಸಿ, ಊಟದಿಂದ ಸಿಗುವುದು ಕಮ್ಮಿ ಎಂದು ಹಿಡಿದು. ಮೈತೂಕ ತುಂಬ ಹೆಚ್ಚಿರುವವರಲ್ಲಿ ಡಿ ಕೊಬ್ಬಿನಲ್ಲಿ ಹರಡಿಹೋಗಿ ರಕ್ತದಲ್ಲಿ ಕಮ್ಮಿ ಕಾಣುತ್ತದೆ. ಅವರಿಗೆ ಎರಡು ಮೂರು ಪಟ್ಟು ಬೇಕಾಗಬಹುದು, ಅದನ್ನು ವೈದ್ಯರು ಹೇಳಲಿ.

ಊಟದಿಂದ ಸಿಗುವುದು ಕಮ್ಮಿ ಎಂದೆವಲ್ಲ, ಎಷ್ಟು ಕಮ್ಮಿ? ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 40 ಐಯು. ಡಿ ಬೆರೆಸಿದ ಹಾಲು ಒಂದು ಲೋಟಕ್ಕೆ ನೂರರ ಆಸುಪಾಸು. ಸಾಲ್ಮನ್‌ನಂಥ ಕೊಬ್ಬಿನ ಮೀನಿನ ಒಂದು ತುಂಡು ಮಾತ್ರ ದಿನದ ಲೆಕ್ಕ ಮುಗಿಸುತ್ತದೆ. ಅಣಬೆಯನ್ನು ಹೋಳು ಮಾಡಿ ನಡುಹಗಲ ಬಿಸಿಲಿಗೆ ಒಡ್ಡಿದರೆ ಅದರಲ್ಲಿ ಡಿ2 ಏರುತ್ತದೆ, ಆದರೆ ಮೇಲೆ ಹೇಳಿದ ನೆರಳಿನ ನಿಯಮ ಅಣಬೆಗೂ ಅನ್ವಯ.

ಲೇಬಲ್ ಓದುವಾಗ

ಮೊದಲು ಹೆಸರು ನೋಡಿ. ಕೋಲೆಕ್ಯಾಲ್ಸಿಫೆರಾಲ್ ಎಂದಿದ್ದರೆ ಡಿ3, ಎರ್ಗೋಕ್ಯಾಲ್ಸಿಫೆರಾಲ್ ಎಂದಿದ್ದರೆ ಡಿ2. ಎರಡೂ ಕೆಲಸ ಮಾಡುತ್ತವೆ, ರಕ್ತದಲ್ಲಿ ಮಟ್ಟ ಏರಿಸಿ ಹಿಡಿದಿಡುವುದರಲ್ಲಿ ಡಿ3 ಮೇಲು. ಡಿ3 ಹೆಚ್ಚಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಬೇಡ ಎನ್ನುವವರಿಗೆ ಕಲ್ಲುಹೂವಿನಿಂದ ತೆಗೆದ ಡಿ3 ಇದೆ. ಆದರೆ ಸಾಫ್ಟ್‌ಜೆಲ್‌ನ ಹೊರಚಿಪ್ಪು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಆಗಿದ್ದರೆ ಒಳಗಿನ ಕಲ್ಲುಹೂವಿಗೆ ಅರ್ಥವಿಲ್ಲ. ಹಸಿರು ಎಲೆಯ ಚಿತ್ರ ನೋಡಿ ಮೋಸಹೋಗಬೇಡಿ, ಚಿಪ್ಪಿನ ಸಾಲನ್ನೂ ಓದಿ.

ಆಲ್ಫಾಕ್ಯಾಲ್ಸಿಡಾಲ್, ಕ್ಯಾಲ್ಸಿಟ್ರಿಯಾಲ್ ಎಂಬ ಹೆಸರು ಕಂಡರೆ ಡಬ್ಬಿಯನ್ನು ಹಾಗೇ ಕೆಳಗಿಡಿ. ಇವು ಪಥ್ಯಪೂರಕವಲ್ಲ, ಔಷಧಿ. ಸಾಧಾರಣ ಡಿ3 ಮೊದಲು ಯಕೃತ್ತಿನಲ್ಲಿ, ಆಮೇಲೆ ಮೂತ್ರಪಿಂಡದಲ್ಲಿ ಬದಲಾಗಿ ಕೆಲಸಕ್ಕೆ ಬರುತ್ತದೆ. ಮೂತ್ರಪಿಂಡ ತನಗೆ ಬೇಕಾದಷ್ಟೇ ಬದಲಾಯಿಸುತ್ತದೆ, ಅಲ್ಲೊಂದು ಕಾವಲು ಇದೆ. ಈ ಔಷಧಿಗಳು ಆ ಕಾವಲನ್ನು ದಾಟಿ ಬಂದವು, ರಕ್ತದಲ್ಲಿ ಕ್ಯಾಲ್ಸಿಯಂ ಬೇಗ ಏರಿಸುತ್ತವೆ. ಕ್ಯಾಲ್ಸಿಫೆಡಿಯಾಲ್ ಎಂಬ ಇನ್ನೊಂದು ಬಗೆ ನಡುದಾರಿಯದು. ಅದರ 10 ಮೈಕ್ರೋಗ್ರಾಂ, ಡಿ3ಯ 10 ಮೈಕ್ರೋಗ್ರಾಂಗಿಂತ ಸುಮಾರು ಮೂರು ಪಟ್ಟು ಬಿರುಸು.

ಆಮೇಲೆ ‘ಒಂದು ಸರ್ವಿಂಗ್’ ಎಂದರೆ ಎಷ್ಟು ಎಂದು ನೋಡಿ. ಮುಂದೆ ದಪ್ಪಕ್ಷರದಲ್ಲಿ 2000 ಐಯು, ಹಿಂದೆ ಸಣ್ಣಕ್ಷರದಲ್ಲಿ ‘ಎರಡು ಗಮ್ಮಿಗೆ’ ಎಂದಿರುವ ಡಬ್ಬಿಗಳು ಕಮ್ಮಿಯೇನಲ್ಲ. ಮಲ್ಟಿವಿಟಮಿನ್, ಕ್ಯಾಲ್ಸಿಯಂ ಮಾತ್ರೆ, ಪುಡಿ ಬೆರೆಸಿದ ಪಾನೀಯ ಎಲ್ಲದರಲ್ಲೂ ಡಿ ಇರುತ್ತದೆ, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಕೂಡಿಸಿ.

ಲೇಬಲ್ ಮೇಲಿರುವುದು ಒಳಗೂ ಇದೆಯೇ? 2013ರಲ್ಲಿ ಅಮೆರಿಕದಲ್ಲಿ ಅಂಗಡಿಯ ಡಿ ಮಾತ್ರೆಗಳನ್ನೂ ಔಷಧಾಲಯಗಳೇ ಬೆರೆಸಿ ಕೊಡುವ ಮಾತ್ರೆಗಳನ್ನೂ ಪರೀಕ್ಷಿಸಿದಾಗ ಲೇಬಲ್ ಹೇಳಿದ್ದರ ಶೇಕಡಾ 9ರಿಂದ 146ರವರೆಗೆ ಸಿಕ್ಕಿತ್ತು. ಒಂದೇ ಡಬ್ಬಿಯ ಮಾತ್ರೆಗಳೇ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಯುಎಸ್‌ಪಿ (ಔಷಧಿಗಳ ಗುಣಮಟ್ಟ ಗೊತ್ತುಮಾಡುವ ಅಮೆರಿಕದ ಸಂಸ್ಥೆ) ಪರಿಶೀಲನೆಯ ಮುದ್ರೆಯಿದ್ದ ಡಬ್ಬಿ ಮಾತ್ರ ಲೇಬಲ್‌ಗೆ ಹತ್ತಿರವಿತ್ತು. ಹಾಗಾಗಿ ಕೊಳ್ಳುವಾಗ ಹೊರಗಿನ ಸಂಸ್ಥೆಯೊಂದು ಪರೀಕ್ಷಿಸಿದ ಗುರುತು ಇದೆಯೇ ಎಂದು ನೋಡುವುದು ಅಲಂಕಾರದ ಸಲಹೆಯಲ್ಲ. ಚಿನ್ನದ ಬಣ್ಣದ ‘ಪ್ರೀಮಿಯಂ’ ಪಟ್ಟಿಗಿಂತ ಆ ಪುಟ್ಟ ಮುದ್ರೆಗೆ ಬೆಲೆ ಹೆಚ್ಚು.

ಸಾಫ್ಟ್‌ಜೆಲ್ ಮತ್ತು ಮಾತ್ರೆ

ಡಿ ಕೊಬ್ಬಿನಲ್ಲಿ ಕರಗುವ ವಿಟಮಿನ್. ಸಾಫ್ಟ್‌ಜೆಲ್‌ನಲ್ಲಿ ಅದು ಆಗಲೇ ಎಣ್ಣೆಯಲ್ಲಿ ಕರಗಿ ಕೂತಿರುತ್ತದೆ. ತೀರಾ ಚಿಕ್ಕದು, ನುಂಗಲು ಸಲೀಸು, ಬೆಳಕು ಗಾಳಿ ತಾಗದು, ಅಳೆಯುವ ತಾಪತ್ರಯವಿಲ್ಲ. ಬರೀ ಹೊಟ್ಟೆಗೆ ಹಾಕಿದರೆ ಒಂದಿಷ್ಟು ದುಡ್ಡು ದಂಡ. ಜಿಡ್ಡಿರುವ ಊಟದ ಜೊತೆ ತೆಗೆದುಕೊಂಡವರ ರಕ್ತದಲ್ಲಿ, ಜಿಡ್ಡಿಲ್ಲದ ಊಟದವರಿಗಿಂತ ಸುಮಾರು ಮೂರನೇ ಒಂದು ಪಾಲು ಹೆಚ್ಚು ಡಿ ಕಂಡಿದೆ. ಬೆಳಿಗ್ಗೆಯೋ ರಾತ್ರಿಯೋ ಎನ್ನುವುದು ಮುಖ್ಯವಲ್ಲ. ದಿನದ ದೊಡ್ಡ ಊಟ ಯಾವುದೋ ಆ ಹೊತ್ತಿಗೆ ಅಂಟಿಸಿಕೊಳ್ಳಿ, ಮರೆವೂ ಕಮ್ಮಿಯಾಗುತ್ತದೆ. ಒಂದು ದಿನ ತಪ್ಪಿದರೆ ಮರುದಿನ ಎರಡು ನುಂಗಿದರೂ ಈ ಪ್ರಮಾಣದಲ್ಲಿ ತೊಂದರೆಯಿಲ್ಲ, ನುಂಗದಿದ್ದರೂ ನಷ್ಟವಿಲ್ಲ. ರಕ್ತದಲ್ಲಿ ಓಡಾಡುವ ಡಿ ಅರ್ಧಕ್ಕಿಳಿಯಲು ಎರಡು ಮೂರು ವಾರ ಹಿಡಿಯುತ್ತದೆ.

ಇದರ ದೋಷವೆಂದರೆ ತೇವ. ಸ್ನಾನದ ಮನೆಯ ಕಪಾಟಿನಲ್ಲೋ ಒಲೆಯ ಪಕ್ಕದಲ್ಲೋ ಇಟ್ಟರೆ ಜೆಲಟಿನ್ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬಿಡಿಸಲು ಹೋದರೆ ಒಂದು ಹರಿದು ಎಣ್ಣೆ ಸೋರಿ ಉಳಿದವೂ ಜಿಗುಟಾಗುತ್ತವೆ. ಡಬ್ಬಿಯೊಳಗಿನ ಸಿಲಿಕಾ ಪೊಟ್ಟಣವನ್ನು ಎಸೆಯಬೇಡಿ, ತುಂಬಿಸಿಟ್ಟ ಹತ್ತಿಯನ್ನು ಎಸೆಯಿರಿ. ಹತ್ತಿ ಒಮ್ಮೆ ತೆರೆದ ಮೇಲೆ ತೇವವನ್ನೇ ಹಿಡಿದಿಡುತ್ತದೆ. ಮುಚ್ಚಳ ತೆರೆದಾಗ ಹಳೆಯ ಎಣ್ಣೆಯ ಕಮಟು ಬಂದರೆ ದಿನಾಂಕ ಏನೇ ಇರಲಿ, ಆ ಡಬ್ಬಿ ಬೇಡ. ನುಂಗಲಾಗದವರು ಶುಚಿಯಾದ ಸೂಜಿಯಿಂದ ಒಂದು ತುದಿ ಚುಚ್ಚಿ ಚಮಚದ ಅನ್ನಕ್ಕೋ ಮೊಸರಿಗೋ ಹಿಂಡಿಕೊಳ್ಳಬಹುದು. ಚಿಪ್ಪಿನೊಳಗೆ ಒಂದಿಷ್ಟು ಅಂಟಿ ಉಳಿಯುತ್ತದೆ, ಎರಡು ಸಲ ಹಿಂಡಿ.

ಒಣ ಮಾತ್ರೆ ಅಗ್ಗ, ಅದರಲ್ಲೂ ಕೆಲಸ ನಡೆಯುತ್ತದೆ, ಜಿಡ್ಡಿನ ಊಟದ ಜೊತೆ ಕಡ್ಡಾಯ. ದೂರು ಇರುವುದು ಕ್ಯಾಲ್ಸಿಯಂ ಬೆರೆಸಿದ ಮಾತ್ರೆಗಳ ಮೇಲೆ. 500 ಮಿಲಿಗ್ರಾಂ ಕ್ಯಾಲ್ಸಿಯಂ ಜೊತೆ 250 ಐಯು ಡಿ ಇರುವ ಮಾತ್ರೆ ತುಂಬ ಸಾಮಾನ್ಯ. ಡಿ 1000 ಐಯು ಆಗಲಿ ಎಂದು ನಾಲ್ಕು ನುಂಗಿದರೆ ಹೊಟ್ಟೆಗೆ ಹೋಗುವುದು 2000 ಮಿಲಿಗ್ರಾಂ ಕ್ಯಾಲ್ಸಿಯಂ. ಮಲಬದ್ಧತೆ ಖಂಡಿತ, ಮುಂದೆ ಮೂತ್ರಪಿಂಡದ ಕಲ್ಲೂ ಆಗಬಹುದು. ಅಮೆರಿಕದ ಮಹಿಳೆಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು 400 ಐಯು ಡಿ ತೆಗೆದುಕೊಂಡವರಲ್ಲಿ ಕಲ್ಲಿನ ಪ್ರಕರಣ ಶೇಕಡಾ 17 ಹೆಚ್ಚಿತ್ತು. ಡಿ ಬೇಕಿದ್ದರೆ ಡಿ ಕೊಳ್ಳಿ.

ಹನಿ: ಅನುಕೂಲ ಹೆಚ್ಚು, ಎಡವಟ್ಟೂ ಹೆಚ್ಚು

ಎದೆಹಾಲು ಕುಡಿಯುವ ಕೂಸಿಗೆ ಹುಟ್ಟಿದ ಕೆಲ ದಿನಗಳಿಂದಲೇ ದಿನಕ್ಕೆ 400 ಐಯು ಕೊಡಿ ಎನ್ನುವುದು ಮಕ್ಕಳ ವೈದ್ಯರ ಸಾಮಾನ್ಯ ಸಲಹೆ, ಏಕೆಂದರೆ ಎದೆಹಾಲಿನಲ್ಲಿ ಡಿ ತೀರಾ ಕಮ್ಮಿ. ಇಲ್ಲಿ ಹನಿಯ ಬಾಟಲಿಗೆ ಸಾಟಿಯಿಲ್ಲ. ಆದರೆ ಈ ಕಪಾಟಿನಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ.

ಒಂದೇ ಗಾತ್ರದ ಎರಡು ಬಾಟಲಿ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ 1 ಮಿಲಿಲೀಟರಿಗೆ 400 ಐಯು, ಇನ್ನೊಂದರಲ್ಲಿ ಒಂದೇ ಹನಿಗೆ 400 ಐಯು. ಒಂದು ಮಿಲಿಲೀಟರಿನಲ್ಲಿ, ಹನಿಯ ದಪ್ಪ ನೋಡಿಕೊಂಡು, 20ರಿಂದ 40 ಹನಿ ಹಿಡಿಯುತ್ತದೆ. ಮೊದಲ ಬಾಟಲಿಯ ಅಭ್ಯಾಸದಲ್ಲಿ ಎರಡನೆಯದರಿಂದ ಒಂದು ಮಿಲಿಲೀಟರ್ ಕುಡಿಸಿದರೆ ಕೂಸಿನ ಹೊಟ್ಟೆಗೆ ಕನಿಷ್ಠ 8000 ಐಯು ಹೋಯಿತು. ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲಿ ಎಚ್ಚರಿಕೆ ಕೊಟ್ಟಿದ್ದು ಡ್ರಾಪರಿನ ಬಗ್ಗೆಯೇ: ಕೆಲವು ಬಾಟಲಿಗಳ ಜೊತೆ ಬರುವ ಡ್ರಾಪರಿನಲ್ಲಿ 400 ಐಯುಗಿಂತ ಹೆಚ್ಚು ಹಿಡಿಯುತ್ತದೆ, ತುಂಬಿಸಿ ಕುಡಿಸಿದರೆ ಅಪಾಯ ಎಂದು. ಆದ್ದರಿಂದ ಕೂಸಿಗೆ ಕೊಳ್ಳುವಾಗ ನಮ್ಮ ಆಯ್ಕೆ 400 ಐಯು ಗೆರೆಯಷ್ಟೇ ಇರುವ, ಅದಕ್ಕಿಂತ ಮೇಲೆ ತುಂಬಲು ಜಾಗವೇ ಇಲ್ಲದ ಡ್ರಾಪರಿನ ಬಾಟಲಿ. ಒಂದು ಬಾಟಲಿಯ ಡ್ರಾಪರನ್ನು ಇನ್ನೊಂದಕ್ಕೆ ಹಾಕಲೇಬಾರದು. ಬ್ರ್ಯಾಂಡ್ ಬದಲಾಯಿಸಿದ ದಿನ ಹಳೆಯದನ್ನು ಡ್ರಾಪರ್ ಸಮೇತ ಎಸೆಯಿರಿ.

ಹನಿಯ ಬಾಟಲಿಯನ್ನು ಹಿಡಿಯುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಕೆಲವನ್ನು ನೇರ ತಲೆಕೆಳಗು ಹಿಡಿಯಬೇಕು, ಕೆಲವನ್ನು ಓರೆಯಾಗಿ, ಲೇಬಲ್‌ನಲ್ಲಿ ಬರೆದಿರುತ್ತದೆ. ಓರೆ ಮಾಡಿದಷ್ಟೂ ಹನಿಯ ಗಾತ್ರ ಬದಲಾಗುತ್ತದೆ. ಎಣ್ಣೆ ಮಂದವಾದ್ದರಿಂದ ಮೊದಲ ಹನಿ ಬೀಳಲು ಐದಾರು ಸೆಕೆಂಡ್ ಬೇಕು. ಅಷ್ಟರಲ್ಲಿ ತಾಳ್ಮೆ ಕೆಟ್ಟು ಬಾಟಲಿಯ ಬುಡ ಕುಟ್ಟಿದರೆ ಮೂರು ಒಟ್ಟಿಗೆ ಬೀಳುತ್ತವೆ. ಚಳಿಯಲ್ಲಿ ಇದು ಇನ್ನೂ ನಿಧಾನ. ಶುದ್ಧ ಕೊಬ್ಬರಿ ಎಣ್ಣೆಯಲ್ಲಿ ಮಾಡಿದ ಹನಿಯಾದರೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಅದನ್ನು ಬಿಸಿನೀರಲ್ಲಿ ಮುಳುಗಿಸಬೇಡಿ, ಅಂಗೈಯಲ್ಲಿ ಐದು ನಿಮಿಷ ಹಿಡಿದು, ಮೆಲ್ಲಗೆ ಅತ್ತಿತ್ತ ಓಲಾಡಿಸಿ. ಪಟ್ಟಿಯಲ್ಲಿ ಎಂಸಿಟಿ ಎಣ್ಣೆ (ಚಳಿಯಲ್ಲೂ ದ್ರವವಾಗಿಯೇ ಉಳಿಯುವ ಬಗೆ) ಎಂದಿದ್ದರೆ ಈ ತಾಪತ್ರಯವಿಲ್ಲ, ಚಳಿಯ ಊರಿನವರು ಅದನ್ನೇ ಹುಡುಕಲಿ. ನೀರಿನಲ್ಲಿ ಬೆರೆಸಿದ ಬಿಳಿ ಹನಿಗಳನ್ನು ಪ್ರತಿ ಸಲ ಕುಲುಕಬೇಕು, ಇಲ್ಲದಿದ್ದರೆ ಮೊದಲ ವಾರ ನೀರು, ಕೊನೆಯ ವಾರ ವಿಟಮಿನ್.

ಕೂಸಿನ ಇಡೀ ಹಾಲಿನ ಬಾಟಲಿಗೆ ಹನಿ ಹಾಕುವುದು ಇನ್ನೊಂದು ರೂಢಿ. ಎಣ್ಣೆ ಬಾಟಲಿಯ ಒಳಗೋಡೆಗೆ ಅಂಟುತ್ತದೆ, ಕೂಸು ಹಾಲು ಉಳಿಸಿದರೆ ಡಿಯೂ ಉಳಿಯುತ್ತದೆ. ಒಂದು ಹನಿಯ ಬಗೆಯಾದರೆ ತೊಳೆದ ಬೆರಳ ತುದಿಗೋ ಮೊಲೆತೊಟ್ಟಿಗೋ ಹಾಕಿ ಚೀಪಿಸುವುದು ಸರಿಯಾದ ದಾರಿ. ಡ್ರಾಪರಿನದಾದರೆ ಕೆನ್ನೆಯ ಒಳಬದಿಗೆ ಸ್ವಲ್ಪಸ್ವಲ್ಪವೇ ಬಿಡಬೇಕು. ಗಂಟಲಿಗೆ ನೇರ ಬಿಟ್ಟರೆ ನೆತ್ತಿಗೆ ಹತ್ತುತ್ತದೆ.

ಸ್ಪ್ರೇ

ಪರವಾಗಿಲ್ಲ. ಬಾಯೊಳಗೆ ಸಿಂಪಡಿಸುವ ಸ್ಪ್ರೇ ಕ್ಯಾಪ್ಸೂಲ್‌ನಷ್ಟೇ ರಕ್ತದ ಮಟ್ಟ ಏರಿಸುತ್ತದೆ, ಹೆಚ್ಚೇನಿಲ್ಲ. ನುಂಗಲು ಕಷ್ಟಪಡುವ ವಯಸ್ಸಾದವರಿಗೆ ಒಳ್ಳೆಯದು. ಹೊಸ ಬಾಟಲಿಯ ಮೊದಲ ಮೂರ್ನಾಲ್ಕು ಒತ್ತು ಬರೀ ಗಾಳಿ, ಅದನ್ನು ಸಿಂಕಿಗೆ ಬಿಟ್ಟು ಆಮೇಲೆ ಎಣಿಸಬೇಕು. ಬುಡದಲ್ಲಿ ಸ್ವಲ್ಪ ಉಳಿದಾಗ ಕೊಳವೆ ದ್ರವಕ್ಕೆ ತಾಗದೆ ಅರ್ಧ ಸಿಂಪಡಣೆ ಬರುತ್ತದೆ, ಹೀಗೆ ಹಾಳಾಗುವುದು ಕಮ್ಮಿಯೇನಲ್ಲ. ಪುದೀನ, ಕಿತ್ತಳೆ ಸುವಾಸನೆಗೆ ಮರುಳಾಗಿ ಮನೆಮಂದಿಯೆಲ್ಲ ಒಂದೇ ಬಾಟಲಿ ಬಾಯಿಗಿಡುವುದು ನೆಗಡಿಯ ಕಾಲದಲ್ಲಿ ಬೇಡ.

ಗಮ್ಮಿ

ಮಕ್ಕಳು ಜಗಳವಿಲ್ಲದೆ ತಿನ್ನುತ್ತಾರೆ ಎನ್ನುವುದೊಂದೇ ಇದರ ಗುಣ, ಅದೇ ಇದರ ದೋಷ. ಎರಡೂವರೆ ಗ್ರಾಂ ತೂಗುವ ಗಮ್ಮಿಯಲ್ಲಿ 10 ಮೈಕ್ರೋಗ್ರಾಂ ಡಿ ಎಂದರೆ ಹತ್ತು ಲಕ್ಷ ಪಾಲಿನಲ್ಲಿ ನಾಲ್ಕು ಪಾಲು. ಜಿಡ್ಡಿನಲ್ಲಿ ಕರಗುವ ಇಷ್ಟು ಸಣ್ಣ ಪ್ರಮಾಣವನ್ನು ಸಕ್ಕರೆ ಪಾಕ, ಪೆಕ್ಟಿನ್ ಇರುವ ನೀರಿನ ಮುದ್ದೆಯಲ್ಲಿ ಸಮನಾಗಿ ಹರಡುವುದು ಸುಲಭದ ಕೆಲಸವಲ್ಲ. ದಿನ ಕಳೆದಂತೆ ಕಮ್ಮಿಯಾಗುತ್ತದೆಂದು ತಯಾರಕರು ಮೊದಲೇ ಸ್ವಲ್ಪ ಹೆಚ್ಚು ಹಾಕುವುದೂ ಉಂಟು. ಆದ್ದರಿಂದ ಹೊಸ ಡಬ್ಬಿಯಲ್ಲಿ ಜಾಸ್ತಿ, ಹಳೆಯದರಲ್ಲಿ ಕಮ್ಮಿ ಸಿಗಬಹುದು. ಹಲ್ಲಿಗೆ ಅಂಟುವುದರಿಂದ ತಿಂದ ಮೇಲೆ ಬಾಯಿ ಮುಕ್ಕಳಿಸಲೇಬೇಕು. ಮುಖ್ಯವಾಗಿ, ಮಗುವಿನ ಎದುರು ಇದನ್ನು ಮಿಠಾಯಿ ಎಂದು ಕರೆಯಬೇಡಿ. ಡಬ್ಬಿ ಸಿಕ್ಕ ದಿನ ಅದು ಮಿಠಾಯಿಯಂತೆಯೇ ಖಾಲಿಯಾಗುತ್ತದೆ.

ವಾರದ ದೊಡ್ಡ ಡೋಸು

50,000 ಅಥವಾ 60,000 ಐಯು ಇರುವ ಕ್ಯಾಪ್ಸೂಲ್, ಪುಡಿ, ಕುಡಿಯುವ ದ್ರವ ಇವೆಲ್ಲ ಕೊರತೆ ಖಚಿತವಾದವರಿಗೆ ವೈದ್ಯರು ಕೆಲ ವಾರಗಳ ಮಟ್ಟಿಗೆ ಬರೆಯುವ ಚಿಕಿತ್ಸೆ. ಆ ಕೆಲಸಕ್ಕೆ ಒಳ್ಳೆಯದೇ. ಚಳಿಗಾಲ ಬಂತೆಂದು ತಾವೇ ತಂದು ನುಂಗುವ ಸರಕಲ್ಲ. ಇಲ್ಲಿ ಮತ್ತೆ ಮತ್ತೆ ಆಗುವ ತಪ್ಪು ಒಂದೇ: ವಾರಕ್ಕೊಂದನ್ನು ದಿನಕ್ಕೊಂದು ಎಂದು ತಿಳಿಯುವುದು. 60,000ದ್ದನ್ನು ತಿಂಗಳಿಡೀ ದಿನವೂ ತೆಗೆದುಕೊಂಡರೆ 18 ಲಕ್ಷ ಐಯು. ಬಾಯಾರಿಕೆ, ಪದೇಪದೇ ಮೂತ್ರ, ಮಲಬದ್ಧತೆ, ವಾಂತಿ, ಮಂಕು, ಕೊನೆಗೆ ಮೂತ್ರಪಿಂಡಕ್ಕೇ ಪೆಟ್ಟು: ಇವೆಲ್ಲ ರಕ್ತದಲ್ಲಿ ಕ್ಯಾಲ್ಸಿಯಂ ಏರಿದ ಲಕ್ಷಣ. ಡಿ ಕೊಬ್ಬಿನಲ್ಲಿ ಕೂತುಬಿಡುವುದರಿಂದ ನಿಲ್ಲಿಸಿದ ಮೇಲೂ ವಾರಗಟ್ಟಲೆ ಕಾಡುತ್ತದೆ. ಪೊಟ್ಟಣ ಮನೆಗೆ ತಂದ ಕೂಡಲೇ ಅದರ ಮೇಲೆ ದಪ್ಪ ಪೆನ್ನಿನಲ್ಲಿ ‘ಭಾನುವಾರ ಮಾತ್ರ’ ಎಂದು ಬರೆದಿಡಿ, ಮುಗಿಯುವ ತಾರೀಖನ್ನೂ ಸೇರಿಸಿ.

ವರ್ಷಕ್ಕೊಮ್ಮೆ ಒಟ್ಟಿಗೆ ಕೊಟ್ಟರೆ ಸುಲಭವಲ್ಲವೇ ಎಂಬ ಆಸೆಯನ್ನು 2010ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದು ಮುರಿದಿದೆ. 70 ದಾಟಿದ ಮಹಿಳೆಯರಿಗೆ ಪ್ರತಿ ವರ್ಷ ಒಂದೇ ಬಾರಿಗೆ 5 ಲಕ್ಷ ಐಯು ಕೊಟ್ಟರು. ಬೀಳುವುದು, ಮೂಳೆ ಮುರಿಯುವುದು ಕಮ್ಮಿಯಾಗಬೇಕಿತ್ತು, ಹೆಚ್ಚಾಯಿತು. ಒಮ್ಮೆಲೇ ಸುರಿದರೆ ಡಿಯನ್ನು ಒಡೆದುಹಾಕುವ ಕಿಣ್ವವನ್ನೂ ದೇಹ ಹೆಚ್ಚಿಸಿಕೊಳ್ಳುತ್ತದೆ. ದಿನದ ಸಣ್ಣ ಡೋಸಿಗೆ ನಾವು ಅಂಕ ಹೆಚ್ಚು ಕೊಡುವುದು ಇದಕ್ಕೇ.

ಬೆರಕೆಯವು, ಮೀನೆಣ್ಣೆ, ದೀಪ

ಡಿ ಜೊತೆ ಕೆ2 ಬೆರೆಸಿದ ಕ್ಯಾಪ್ಸೂಲ್ ಈಗ ಎಲ್ಲೆಡೆ. ಕ್ಯಾಲ್ಸಿಯಂ ರಕ್ತನಾಳ ಬಿಟ್ಟು ಮೂಳೆಗೆ ಹೋಗುತ್ತದೆ ಎಂಬುದು ಮಾರಾಟದ ಮಾತು. 1000 ಐಯು ತೆಗೆದುಕೊಳ್ಳುವ ಸಾಧಾರಣ ಆರೋಗ್ಯದವರಿಗೆ ಅದಕ್ಕಾಗಿ ಹೆಚ್ಚು ದುಡ್ಡು ಸುರಿಯುವಷ್ಟು ಪುರಾವೆಯಿಲ್ಲ. ವಾರ್ಫರಿನ್ ತೆಗೆದುಕೊಳ್ಳುವವರಿಗೆ ಕೆ ನೇರ ಅಪಾಯ, ರಕ್ತ ತಿಳಿಯಾಗಿಡುವ ಔಷಧಿಯ ಕೆಲಸವನ್ನೇ ಅದು ಕೆಡಿಸುತ್ತದೆ.

ಕಾಡ್ ಮೀನಿನ ಯಕೃತ್ತಿನ ಎಣ್ಣೆ ಹಳೇ ಕಾಲದ ಹೆಸರು. ಒಂದು ಟೀಚಮಚದಲ್ಲಿ ಸುಮಾರು 400ರಿಂದ 450 ಐಯು ಡಿ ಸಿಗುತ್ತದೆ ನಿಜ, ಆದರೆ ಅದರ ಜೊತೆ ವಿಟಮಿನ್ ಎ ಕೂಡ ದಂಡಿಯಾಗಿ ಬರುತ್ತದೆ. ಮೂರು ಟೀಚಮಚ ಕುಡಿದರೆ ಎ 4000 ಮೈಕ್ರೋಗ್ರಾಂ ದಾಟಬಹುದು, ದೊಡ್ಡವರ ಗಡಿ ಇರುವುದೇ 3000. ಬಸುರಿಯರಿಗೆ ಇದು ಬೇಡವೇ ಬೇಡ, ಹೆಚ್ಚಿನ ಎ ಭ್ರೂಣಕ್ಕೆ ಕೇಡು.

ದೀಪದ ವಿಷಯದಲ್ಲಿ ಜನ ಕೊಳ್ಳುವಾಗಲೇ ತಪ್ಪುತ್ತಾರೆ. ಚಳಿಗಾಲದ ಮಂಕಿಗೆಂದು ಮಾರುವ 10,000 ಲಕ್ಸ್‌ನ (ಬೆಳಕಿನ ಅಳತೆ) ಬಿಳಿ ದೀಪ ಮನಸ್ಸಿಗೆ, ನಿದ್ದೆಗೆ. ಅದರಲ್ಲಿ ಯುವಿಯನ್ನು ಬೇಕೆಂದೇ ಸೋಸಿ ತೆಗೆದಿರುತ್ತಾರೆ, ಡಿ ಒಂದು ಐಯುವೂ ಹುಟ್ಟುವುದಿಲ್ಲ. ಮೈಬಣ್ಣ ಕಂದಿಸುವ ಟ್ಯಾನಿಂಗ್ ಹಾಸಿಗೆಯಲ್ಲಿ ಬಹುಪಾಲು ಯುವಿಎ, ಚರ್ಮದ ಕ್ಯಾನ್ಸರ್‌ಗೆ ದಾರಿ. ನಿಜವಾದ ಯುವಿಬಿ ದೀಪ ಕರುಳಿನಲ್ಲಿ ಡಿ ಹೀರಲಾಗದವರಿಗೆ, ಉದಾಹರಣೆಗೆ ಕ್ರೋನ್ಸ್ ಕಾಯಿಲೆಯವರಿಗೆ, ಜಠರದ ಬೈಪಾಸ್ ಆದವರಿಗೆ, ವೈದ್ಯರ ಕಣ್ಣೆದುರು ಉಪಯೋಗಕ್ಕೆ ಬರುತ್ತದೆ. ಕನ್ನಡಕವಿಲ್ಲದೆ ಹಚ್ಚಿದರೆ ಕಣ್ಣು ಸುಡುತ್ತದೆ. ಉಳಿದವರಿಗೆ ಸಾಫ್ಟ್‌ಜೆಲ್ ಇರುವಾಗ ಈ ಉಸಾಬರಿ ಏಕೆ?

ರಕ್ತ ಪರೀಕ್ಷೆಯ ಪ್ಯಾಕೇಜು

ಆರೋಗ್ಯವಂತ ದೊಡ್ಡವರಿಗೆ ಸುಮ್ಮಸುಮ್ಮನೆ ಈ ಪರೀಕ್ಷೆ ಬೇಡ ಎಂದು ಹಾರ್ಮೋನು ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ಮಾಡಿಸುವ ಕಾರಣವಿದ್ದರೆ ಸರಿಯಾದ ಹೆಸರು ಕೇಳಿ: 25-ಹೈಡ್ರಾಕ್ಸಿ ವಿಟಮಿನ್ ಡಿ. ಹೆಸರು ಹತ್ತಿರವಿರುವ 1,25-ಡೈಹೈಡ್ರಾಕ್ಸಿ ಪರೀಕ್ಷೆ ಬೇರೆ, ಡಿ ತೀರಾ ಕಮ್ಮಿಯಿದ್ದಾಗಲೂ ಅದು ಸರಿಯಾಗಿಯೇ ತೋರಿಸಬಹುದು. ವರದಿಯಲ್ಲಿ ಅಳತೆ ಯಾವುದೆಂದು ನೋಡಿ. ಮಿಲಿಲೀಟರಿಗೆ 20 ನ್ಯಾನೋಗ್ರಾಂ ಎಂದರೆ ಲೀಟರಿಗೆ 50 ನ್ಯಾನೋಮೋಲ್, ಎರಡೂ ಒಂದೇ. 12 ನ್ಯಾನೋಗ್ರಾಂಗಿಂತ ಕೆಳಗೆ ಕೊರತೆ, 20 ದಾಟಿದರೆ ಬಹುತೇಕರ ಮೂಳೆಗೆ ಸಾಕು. ಎಷ್ಟೋ ವರದಿಗಳಲ್ಲಿ 30ರ ಕೆಳಗಿದ್ದರೆ ಕೆಂಪಕ್ಷರ ಬರುತ್ತದೆ, ಗಾಬರಿ ಬೇಡ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ನುಂಗುವವರು ಲ್ಯಾಬಿನವರಿಗೆ ಮೊದಲೇ ಹೇಳಿ ಕೆಲ ದಿನ ನಿಲ್ಲಿಸಬೇಕು, ಕೆಲವು ಬಗೆಯ ಪರೀಕ್ಷೆಯಲ್ಲಿ ಅದು ಡಿಯನ್ನು ಸುಳ್ಳೇ ಹೆಚ್ಚು ತೋರಿಸುತ್ತದೆ. ಡೋಸು ಬದಲಾಯಿಸಿದ ಮೇಲೆ ಮೂರು ತಿಂಗಳೊಳಗೆ ಮತ್ತೆ ಪರೀಕ್ಷಿಸಿದರೆ ಲ್ಯಾಬಿಗೆ ಲಾಭ, ನಿಮಗಿಲ್ಲ.

ಮೂತ್ರಪಿಂಡದ ಕಾಯಿಲೆ, ಹಿಂದೆ ಕಲ್ಲು ಬಂದವರು, ಸಾರ್ಕಾಯ್ಡೋಸಿಸ್, ಪ್ಯಾರಾಥೈರಾಯ್ಡ್ ತೊಂದರೆ ಇರುವವರು ಸಪ್ಪೆ ಡಬ್ಬಿಯನ್ನೂ ಕೇಳದೆ ಕೊಳ್ಳಬಾರದು. ಥಯಾಜೈಡ್ ಬಗೆಯ ರಕ್ತದೊತ್ತಡದ ಮಾತ್ರೆ ಕ್ಯಾಲ್ಸಿಯಂ ಏರಿಸುತ್ತದೆ. ಮೂರ್ಛೆರೋಗದ ಫೆನಿಟಾಯಿನ್, ಕ್ಷಯದ ರಿಫ್ಯಾಂಪಿಸಿನ್ ಡಿಯನ್ನು ಬೇಗ ಕರಗಿಸುತ್ತವೆ. ತೂಕ ಇಳಿಸುವ ಆರ್ಲಿಸ್ಟ್ಯಾಟ್ ಜಿಡ್ಡಿನ ಜೊತೆ ಡಿಯನ್ನೂ ಹೊರಗೆ ತಳ್ಳುತ್ತದೆ.

ಇಷ್ಟಾಗಿ ಇದರಿಂದ ಏನು ನಿರೀಕ್ಷಿಸಬಹುದು? ಮೂಳೆ, ಸ್ನಾಯು ಕೊರತೆಯಿಂದ ಕೆಡದಂತೆ ಕಾಯುತ್ತದೆ, ಅಷ್ಟೇ. ಅಮೆರಿಕದಲ್ಲಿ 25,871 ಜನರ ಮೇಲೆ ನಡೆದ ವೈಟಲ್ ಎಂಬ ಪ್ರಯೋಗದಲ್ಲಿ ದಿನಕ್ಕೆ 2000 ಐಯು ಐದಾರು ವರ್ಷ ಕೊಟ್ಟರೂ ಕ್ಯಾನ್ಸರ್ ಬರುವುದು, ಹೃದಯಾಘಾತ ಕಮ್ಮಿಯಾಗಲಿಲ್ಲ. ಮೂಳೆ ಮುರಿತವೂ ಕಮ್ಮಿಯಾಗಲಿಲ್ಲ ಎಂದು 2022ರಲ್ಲಿ ಗೊತ್ತಾಯಿತು, ಬಹುತೇಕರಿಗೆ ಮೊದಲೇ ಡಿ ಸಾಕಷ್ಟಿದ್ದದ್ದು ಇದಕ್ಕೊಂದು ಕಾರಣವಿರಬಹುದು. ತುಂಬಿದ ಕೊಡಕ್ಕೆ ನೀರು ಹೊಯ್ದಂತೆ. ನೆಗಡಿ ಕೆಮ್ಮು ತಡೆಯುತ್ತದೆ ಎಂಬ ಮಾತಿಗೆ ಮೊದಲು ಸಣ್ಣ ಆಧಾರ ಸಿಕ್ಕಿತ್ತು, ಹೊಸ ಪ್ರಯೋಗಗಳನ್ನು ಸೇರಿಸಿದಾಗ ಅದೂ ತೆಳುವಾಯಿತು. ಫ್ಲೂ ಲಸಿಕೆ, ಕೈತೊಳೆಯುವುದು, ಕೋಣೆಗೆ ಗಾಳಿ, ದಿನಕ್ಕೊಂದಿಷ್ಟು ನಡಿಗೆ ಇವುಗಳ ಕೆಲಸವನ್ನು ಡಿ ಮಾಡಿಕೊಡುವುದಿಲ್ಲ. ‘ರೋಗನಿರೋಧಕ ಶಕ್ತಿಯ ಕವಚ’ ಎಂದು ದೊಡ್ಡದಾಗಿ ಬರೆದ ಡಬ್ಬಿಗೂ ಏನೂ ಬರೆಯದ ಡಬ್ಬಿಗೂ ಒಳಗೆ ವ್ಯತ್ಯಾಸವಿಲ್ಲ.

ಕೊಳ್ಳುವುದಾದರೆ ನೆರಳು ಉದ್ದವಾಗತೊಡಗುವ ಮೊದಲೇ ಕೊಳ್ಳಿ. ದಿನದ ಸಣ್ಣ ಡೋಸಿನಲ್ಲಿ ರಕ್ತದ ಮಟ್ಟ ಏರಿ ನೆಲೆಗೊಳ್ಳಲು ಸುಮಾರು ಮೂರು ತಿಂಗಳು ಬೇಕು, ಚಳಿ ನಡುವಿಗೆ ಬಂದಾಗ ಶುರುಮಾಡಿದರೆ ಫಲ ಬರುವಷ್ಟರಲ್ಲಿ ಬೇಸಿಗೆ. 90ರಿಂದ 180 ಸಾಫ್ಟ್‌ಜೆಲ್ ಇರುವ ಡಬ್ಬಿ ಒಬ್ಬರಿಗೆ ಒಂದು ಚಳಿಗಾಲಕ್ಕೆ ಸರಿಹೋಗುತ್ತದೆ. 365ರ ದೊಡ್ಡ ಡಬ್ಬಿ ಲೆಕ್ಕಕ್ಕೆ ಅಗ್ಗ ಕಂಡರೂ, ತೆರೆದು ವರ್ಷವಿಟ್ಟರೆ ಕೊನೆಯ ನೂರು ಅಂಟಿಕೊಂಡು ಮುದ್ದೆಯಾಗಿರುತ್ತವೆ. ಹನಿಯ ಬಾಟಲಿಯ ಮೇಲೆ ತೆರೆದ ತಾರೀಖು ಬರೆಯಿರಿ. ಹಲವು ಬಾಟಲಿಗಳಿಗೆ ತೆರೆದ ಮೇಲೆ ಆಯುಸ್ಸು ಕೆಲವೇ ತಿಂಗಳು, ಮುಂದಿನ ಚಳಿಗಾಲಕ್ಕೆಂದು ಎತ್ತಿಡುವಂಥದ್ದಲ್ಲ.